ಮಗ್ಗುಲು ತಿರುಗಿಸಿದ ಸ್ಟೂಲು

“ಯೋವ್, ಆ ಕಡೆ ಹೋಗಿ ಕುಂತ್ಕ. ಈ ಮಗ್ಗುಲು ಸಾಕಾಯ್ತು.”

ನನ್ನವಳ ಕೊನೇ ಮಾತು ಅದು. ಹಿಂದೂಪುರದ ಆಸ್ಪತ್ರೇಲಿ. ಸ್ಟೂಲು ಎತ್ತಿ ಆ ಕಡೆ ಇಟ್ಟೆ. ನನ್ನ ಕಡೆ ತಿರುಗಿ ಕಣ್ಣು ಮುಚ್ಚಿದಳು. ಮತ್ತೆ ತೆರೀಲಿಲ್ಲ.

ಆದ್ರೂ ಹೇಳ್ತೀನಿ, ಆಸ್ಪತ್ರೇಲಿ ನಗೋ ಸಂಗತಿಗೆ ಬರ ಇಲ್ಲ. ಈ ಸ್ಟೂಲಿನದೇ ಕೇಳಿ.

ಅಕ್ಕ ಅತ್ತ, ತಂಗಿ ಇತ್ತ

ನನ್ನವಳಿಗೆ ಎದ್ದು ಕೂರೋ ಶಕ್ತಿ ಇರಲಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಸೊಂಟದ ಹತ್ರ ಕೆಂಪಾಗಿತ್ತು. ಹಿಂಗೇ ಬಿಟ್ರೆ ಹುಣ್ಣಾಗ್ತದೆ ಅಂತ ನರ್ಸು ಸಿಸ್ಟರಮ್ಮ ಬಂದು ತಿರುಗಿಸೋಳು. ಅವಳು ಅತ್ತ ಹೋಗೋದೇ ತಡ, ಇವಳು ಮೊದಲಿನಂಗೆ.

ಒಂದಿನ ಪರಿಗಿಯಿಂದ ಇವಳ ಅಕ್ಕ, ತಂಗಿ ಬಂದ್ರು. ಅವರಿಬ್ಬರಿಗೂ ಮಾತಿಲ್ಲ. ಒಬ್ಬಳು ಈ ಕಡೆ ಕುಂತಳು, ಒಬ್ಬಳು ಆ ಕಡೆ.

“ನನ್ನ ಸೀರೆ ವಾಪಸ್ ಕೊಡು ಅಂತ ಹೇಳೇ ಅವಳಿಗೆ.”

“ಆ ಹಳೇ ಸೀರೆ ಯಾವಳಿಗೆ ಬೇಕು ಅಂತ ನೀನೂ ಹೇಳೇ.”

ನನ್ನವಳು ಈ ಕಡೆ ಹೊರಳಿ ಹೇಳಿದಳು, ಆ ಕಡೆ ಹೊರಳಿ ಹೇಳಿದಳು. ಸಿಸ್ಟರಮ್ಮ ಬಾಗಿಲಲ್ಲೇ ನಿಂತು ನೋಡಿದಳು. ಮಾತಾಡೋರು ಇರೋ ಕಡೆಗೆ ರೋಗಿಗಳು ತಾವೇ ತಿರುಗ್ತಾರೆ ಅಂತ ಅವಳಿಗೆ ಹೊಳೀತು.

ಅಕ್ಕತಂಗೇರು ವಾರ ಪೂರ್ತಿ ಬಂದ್ರು. ಸೀರೆ ಸಿಗಲಿಲ್ಲ. ಸೊಂಟದ ಕೆಂಪು ಮಾತ್ರ ಹೋಯ್ತು.

ಎದುರು ಸಾಲು

ಸಿಸ್ಟರಮ್ಮ ದೊಡ್ಡ ಓದು ಓದ್ತಿದ್ದಳು. ಇದನ್ನೇ ರಿಸರ್ಚ್ ಮಾಡ್ತೀನಿ ಅಂದಳು. ವಾರ್ಡಲ್ಲಿ ನಮ್ಮ ಸಾಲಿನ ರೋಗಿಗಳ ಕಡೆಯೋರು ಆಗಾಗ ಸ್ಟೂಲಿನ ಕಡೆ ಬದಲಿಸಿ ಮಾತಾಡಿಸಬೇಕು. ಎದುರು ಸಾಲಿನೋರು ಸ್ಟೂಲು ಕದಲಿಸಬಾರದು, ಅಲ್ಲಿ ನರ್ಸುಗಳೇ ಎಂದಿನಂಗೆ ತಿರುಗಿಸ್ತಾರೆ. ಕೊನೆಗೆ ಎರಡನ್ನೂ ಹೋಲಿಸೋದು.

ಎದುರು ಸಾಲಲ್ಲಿ ಸೆಟ್ಟೂರಿನ ಹೆಂಗಸೊಬ್ಬಳಿದ್ದಳು. “ಏನಣ್ಣಾ, ನಿಮ್ಮ ಸ್ಟೂಲು ಊರೆಲ್ಲ ಸುತ್ತಬೋದು, ನಮ್ದು ಬ್ಯಾಡ್ವಾ? ನಮ್ಮತ್ತೆ ಮನುಷ್ಯಳಲ್ವಾ?” ಅಂದಳು. ಸಿಸ್ಟರಮ್ಮ ಮರೆಯಾಗ್ತಿದ್ದಂಗೆ ಆ ಸಾಲಿನ ಸ್ಟೂಲುಗಳೂ ಹೊರಟವು.

ಕೊನೆಗೆ ನೋಡಿದ್ರೆ ಎರಡು ಸಾಲಲ್ಲೂ ಯಾರಿಗೂ ಹುಣ್ಣಿಲ್ಲ! ಸಿಸ್ಟರಮ್ಮ ತಲೆ ಮೇಲೆ ಕೈ ಹೊತ್ತಳು.

“ಎಲ್ರೂ ಚೆನ್ನಾಗಿದಾರಲ್ಲ ತಾಯಿ?” ಅಂದೆ.

“ಅದೇ ತಾತಾ ತೊಂದರೆ!”

ಬೀಗರು

ನನ್ನವಳು ಹೋದ ಮೇಲೆ ಮನೇಲಿ ಸುಮ್ನೆ ಕುಂತಿದ್ದೆ. ಕಲ್ಯಾಣದುರ್ಗದ ಆಸ್ಪತ್ರೆಗೆ ವರ್ಗವಾಗಿದ್ದ ಸಿಸ್ಟರಮ್ಮನ ಫೋನು ಬಂತು.

“ಇಲ್ಲಿ ಮತ್ತೆ ಶುರು ಮಾಡಿದೀನಿ ತಾತಾ. ಈ ಸಲನೂ ಕೆಟ್ರೆ ನಿಲ್ಲಿಸ್ಬುಡ್ತಾರೆ. ನೀವು ಬಂದು ಜನಕ್ಕೆ ಹೇಳ್ರಿ.”

ಎದೆ ಕುಣೀತು. ಅವತ್ತೇ ಬಸ್ ಹತ್ತಿದೆ.

ಈ ಸಲ ಹೋಲಿಸೋ ರೋಗಿಗಳನ್ನ ಬೇರೆ ರೂಮಲ್ಲಿ ಇಟ್ಟಿದ್ದಳು. ನಮ್ಮ ರೂಮಲ್ಲಿ ಎಲ್ಲರೂ ಮಾತಿಗೆ ತಿರುಗಿದ್ರು, ಒಬ್ಬ ಅಂಗಡಿ ಯಜಮಾನನ್ನ ಬಿಟ್ಟು. ಅವನು ಕಿಟಕಿ ಕಡೆ ಮುಖ ಮಾಡಿ ಮಲಗಿದೋನು ಮಲಗೇ ಇದ್ದ. ಮಗಳು ಕರೆದಳು, ಇಲ್ಲ. “ತಾತಾ, ಇಟು ತಿರುಗು” ಅಂತ ಸಿಸ್ಟರಮ್ಮ ತೆಲುಗಲ್ಲಿ ಬೇಡಿದಳು, ಇಲ್ಲ. ಸೊಂಟ ಕೆಂಪಾಗ್ತಿತ್ತು.

ಅಷ್ಟರಲ್ಲಿ ಕಂಬದೂರಿಂದ ಅವನ ಬೀಗರು ಬಂದ್ರು, ಆ ಮಗಳ ಮಾವ. ಕಿಟಕಿ ಕಡೆ ಕುಂತು, “ಹೆಂಗಿದೀರಿ ಬೀಗರೇ?” ಅಂದ್ರು.

ಯಜಮಾನ ಮುಖ ಸಿಂಡರಿಸಿ ದಬಕ್ಕನೆ ಈ ಕಡೆ ತಿರುಗಿದ!

“ಮದುವೆ ಪಂಕ್ತೀಲಿ ನನ್ನ ಒಬ್ಬಟ್ಟು ಗಟ್ಟಿ ಅಂದೋನು ಇವನು!”

ಸಿಸ್ಟರಮ್ಮ ನನ್ನ ನೋಡಿದಳು. ನಾನು ಸ್ಟೂಲು ನೋಡಿದೆ. ಒಂದಷ್ಟು ಹೊತ್ತು ಬಿಟ್ಟು ಬೀಗರನ್ನ ಈ ಕಡೆ ಕೂರಿಸಿದ್ವಿ. ಯಜಮಾನ ಆ ಕಡೆ ತಿರುಗಿದ.

“ಯಾಕಪ್ಪಾ ನನ್ನ ಅತ್ತಿಂದಿತ್ತ ಎತ್ತಾಕ್ತೀರಾ?” ಅಂದ್ರು ಬೀಗರು.

“ನಿಮ್ಮಷ್ಟು ಕೆಲಸ ಯಾವ ಔಷಧಿನೂ ಮಾಡ್ಲಿಲ್ಲ ಸ್ವಾಮಿ. ಕುಂತ್ಕಳಿ” ಅಂದೆ.

ಸಂಜೆಗೆ ಅವರಿಗೂ ಕೋಪ ಬಂತು. “ಇವನ ಬೆನ್ನು ನೋಡೋಕೆ ನಾನು ಅಷ್ಟು ದೂರದಿಂದ ಬರ್ಬೇಕಾ?” ಅಂದು ಊರಿಗೆ ಹೊರಟುಬುಟ್ರು. ಯಜಮಾನ ಮತ್ತೆ ಕಿಟಕಿ ಕಡೆಗೆ.

ಮಾರನೇ ಬೆಳಗ್ಗೆ ನಾನು ಆಟೋ ಮಾಡ್ಕೊಂಡು ಕಂಬದೂರಿಗೆ ಹೋದೆ. “ನೀವು ಬರ್ದೇ ಇದ್ರೆ ಒಬ್ಬಟ್ಟು ಮೆತ್ತಗಿತ್ತು ಅಂತ ಒಪ್ಪಿದಂಗೆ” ಅಂದೆ. ನನಗಿಂತ ಮುಂಚೆ ಆಟೋ ಹತ್ತಿ ಕುಂತ್ರು.