ಬೆಡ್‌ಶೀಟ್ ಹೊದ್ದ ಫೋಟೊಗ್ರಾಫರ್

ಈ ಭೂಮಿಯ ಮೇಲೆ ರೆಫರಿಯ ಕೊನೆಯ ಸೀಟಿಯ ಸದ್ದಿಗೆ ನನ್ನ ತಮ್ಮನಷ್ಟು ಬೆಚ್ಚಿಬೀಳುವ ಪ್ರಾಣಿ ಇನ್ನೊಂದಿಲ್ಲ. ಆ ಸೀಟಿ ಕೇಳಿ ಆಟಗಾರರು ನೆಲಕ್ಕೆ ಕೂತರೆ ಇವನು ಎದ್ದು ಓಡುತ್ತಾನೆ! ವಾರವಿಡೀ ಗರುಡಾಚಾರ್‌ಪಾಳ್ಯದ ಆಫೀಸಿನಲ್ಲಿ ಆಕಳಿಸುವ ಈ ಮಹಾಶಯ ಭಾನುವಾರ ಬಂತೆಂದರೆ ಹಲಸೂರಿನ ಮೈದಾನದಲ್ಲಿ ಫುಟ್‌ಬಾಲ್ ಫೋಟೊಗ್ರಾಫರ್. ಪಂದ್ಯ ಮುಗಿದು ಆಟಗಾರರು ಬೂಟು ಬಿಚ್ಚುವಷ್ಟರಲ್ಲಿ ಫೋಟೊಗಳನ್ನು ಆರಿಸಿ, ಕತ್ತರಿಸಿ, ಬಣ್ಣ ಸರಿಮಾಡಿ ಎಲ್ಲರ ಫೋನಿಗೂ ಕಳಿಸಿಬಿಡಬೇಕು. ಇಲ್ಲದಿದ್ದರೆ ಏನಾಗುತ್ತದೆ? ಪ್ರಳಯವೇ ಇರಬೇಕು! ಬೇರೆ ಕೆಲಸಗಳಲ್ಲೂ ಈ ಚುರುಕು ಇದೆಯೇ ಎಂದು ಮಾತ್ರ ಕೇಳಬೇಡಿ. ಗ್ಯಾಸ್ ಬುಕ್ ಮಾಡೋ ಎಂದು ಅಮ್ಮ ಹೇಳಿದ್ದು ಅವನ ಕಿವಿಗೆ ಇನ್ನೂ ತಲುಪಿಲ್ಲ.

ಬಿಸಿಲಿನಲ್ಲಿ ಲ್ಯಾಪ್‌ಟಾಪಿನ ಪರದೆ ಕಾಣುವುದಿಲ್ಲವೆಂದು ಅಮ್ಮನ ಹೂವಿನ ಬೆಡ್‌ಶೀಟನ್ನು ಎತ್ತಿಕೊಂಡು ಹೋಗುತ್ತಾನೆ. ಮೈದಾನದ ಗೋಡೆಯ ಪಕ್ಕ ಬೀದಿಯಲ್ಲಿ ಕೂತು, ಲ್ಯಾಪ್‌ಟಾಪಿಗೂ ತಲೆಗೂ ಸೇರಿಸಿ ಮುಸುಕು ಹಾಕಿಕೊಳ್ಳುತ್ತಾನೆ. ನೋಡಿದವರಿಗೆ ಶೀತಕ್ಕೆ ಹಬೆ ತೆಗೆದುಕೊಳ್ಳುತ್ತಿರುವ ರೋಗಿ! ಒಮ್ಮೆ ಆ ಬೀದಿಯ ಅಜ್ಜಿಯೊಬ್ಬರು ಮರುಗಿ ನಿಂತರು.

"ಅಯ್ಯೋ ಪಾವಂ! ಏನಪ್ಪಾ ಆಗಿದೆ?"

"ಹಳದಿ ಜಾಸ್ತಿ ಆಗ್ಬಿಟ್ಟಿದೆ ಅಜ್ಜಿ, ಕಮ್ಮಿ ಮಾಡ್ತಾ ಇದೀನಿ," ಎಂದಿತು ಬೆಡ್‌ಶೀಟು.

ಫೋಟೊದ ಬಣ್ಣದ ಮಾತೆಂದು ಅಜ್ಜಿಗೇನು ಗೊತ್ತು? ಕಾಮಾಲೆಯೆಂದು ಗಾಬರಿಯಾಗಿ ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿ, "ಇಲ್ಲಿ ಯಾಕಮ್ಮಾ ಕೂರಿಸಿದೀಯ? ಮನೆಗೆ ಕರ್ಕೊಂಡ್ಹೋಗಿ ನೆಲನೆಲ್ಲಿ ಅರೆದು ಕುಡಿಸು!" ಎಂದು ಗದರಿದರು. ನಾನು ಆಗಲಿ ಎಂದೆ. ಕಹಿ ಕುಡಿದಾದರೂ ಬುದ್ಧಿ ಬಂದರೆ ಬರಲಿ.

ಕೆ.ಆರ್.ಪುರದಲ್ಲಿ ನಾವು ಮನೆ ಕಟ್ಟಿಸಿದಾಗ ಗೃಹಪ್ರವೇಶದ ಫೋಟೊಗಳ ಹೊಣೆಯನ್ನು ಇವನಿಗೇ ಒಪ್ಪಿಸಿದೆವು. ಎಂಥ ತಲೆ ನಮ್ಮದು! ಊಟದ ಎಲೆ ಎತ್ತುವ ಮುಂಚೆಯೇ ಫೋಟೊಗಳು ಬಂದವು. ಪುರೋಹಿತರು ಸೀನುತ್ತಿರುವುದು, ಹಸು ತಲೆ ಆಡಿಸಿದ್ದಕ್ಕೆ ನಮ್ಮತ್ತೆ ಎಗರಿದ್ದು, ಜಾರುವ ಪಂಚೆಯನ್ನು ನಮ್ಮ ಯಜಮಾನರು ಎರಡೂ ಕೈಯಲ್ಲಿ ಹಿಡಿದದ್ದು. ಅಷ್ಟೇ. ಮಿಕ್ಕದ್ದೆಲ್ಲ ಡಿಲೀಟ್!

"ನಾನೆಲ್ಲೋ?"

"ನೀನು ಸುಮ್ನೆ ನಿಂತಿದ್ದೆ ಕಣೇ ಅಕ್ಕ. ಆಕ್ಷನ್ನೇ ಇಲ್ಲ."

ರೇಷ್ಮೆ ಸೀರೆ ಉಟ್ಟುಕೊಂಡು ಪಲ್ಟಿ ಹೊಡೆಯಬೇಕಿತ್ತೇ? ತಾವು ಎಗರಿದ ಫೋಟೊ ನೋಡಿ ಅತ್ತೆ ಒಂದು ವಾರ ಮಾತು ಬಿಟ್ಟರು. ಅದೊಂದು ಉಪಕಾರ ಮಾತ್ರ ಇವನಿಂದ ಆಗಿದೆ.

ಇದೆಲ್ಲದರ ಮೇಲೆ ಜಂಬ ಬೇರೆ. "ಇಷ್ಟು ವರ್ಷದಲ್ಲಿ ಒಂದೇ ಒಂದು ಗೋಲ್ ಮಿಸ್ ಮಾಡಿಲ್ಲ ಗುರು," ಎಂದು ಆಟೊದವರಿಗೂ ಎಳನೀರಿನವರಿಗೂ ಹೇಳಿಕೊಂಡು ತಿರುಗುತ್ತಾನೆ. ಇವನನ್ನು ಯಾರು ಕೇಳಿದರು?

ಈಚೆಗೆ ಅದೇ ಮೈದಾನದಲ್ಲಿ ಬಾಲಕಿಯರ ಫೈನಲ್ ನಡೆಯಿತು. ನನ್ನ ಮಗಳು ಗೋಲ್‌ಕೀಪರ್. ಇನ್ನೇನು ಪಂದ್ಯ ಮುಗಿಯಬೇಕು, ಮೆತ್ತಗೆ ಉರುಳಿಕೊಂಡು ಬಂದ ಚೆಂಡು ಅವಳ ಕಾಲುಗಳ ನಡುವೆ ನುಸುಳಿ ಒಳಗೆ ಹೋಯಿತು. ಇಡೀ ಪಂದ್ಯಕ್ಕೆ ಅದೊಂದೇ ಗೋಲು. ಅವಳು ಕೈಗವಸು ಕಿತ್ತೆಸೆದು ನನ್ನ ಬಳಿ ಬಂದಳು.

"ಆ ಫೋಟೊ ಗ್ರೂಪಿಗೆ ಬಂದ್ರೆ ನಾನು ಇನ್ಮೇಲೆ ಆಡಲ್ಲಮ್ಮ. ಸ್ಕೂಲಿಗೂ ಹೋಗಲ್ಲ," ಎಂದು ಬಿಕ್ಕಿದಳು.

ಮಹಾಶಯ ಅಷ್ಟರಲ್ಲಿ ಬೆಡ್‌ಶೀಟಿನೊಳಗೆ ಸೇರಿಕೊಂಡಾಗಿತ್ತು. ಓಡಿಹೋಗಿ ಮುಸುಕೆತ್ತಿದೆ. ಬೈಯಲೆಂದು ಬಗ್ಗಿದೆ. ಪರದೆಯ ತುಂಬ ನನ್ನ ಮಗಳು! ಮಂಡಿಯೂರಿ, ಹಿಂದಕ್ಕೆ ತಿರುಗಿ, ಬಲೆಯೊಳಗಿನ ಚೆಂಡನ್ನು ನೋಡುತ್ತಿದ್ದಾಳೆ. ಕಣ್ಣಂಚಿನ ನೀರೂ ಸ್ಪಷ್ಟವಾಗಿ ಕಾಣುತ್ತಿತ್ತು. ಅಂಥ ಫೋಟೊವನ್ನು ಅವನು ಹಿಂದೆಂದೂ ತೆಗೆದಿರಲಿಲ್ಲ, ನನ್ನಂಥವಳಿಗೂ ಅದು ಗೊತ್ತಾಯಿತು. ಅವನು ಅದನ್ನೇ ನೋಡುತ್ತ ಕೂತಿದ್ದ, ಸ್ವಲ್ಪವೂ ಆತುರವಿಲ್ಲದೆ. ಆಮೇಲೆ ಡಿಲೀಟ್ ಒತ್ತಿದ. ಅದರ ಹಿಂದಿನದನ್ನು, ಮುಂದಿನದನ್ನು, ಆ ಗೋಲಿನ ಎಲ್ಲವನ್ನೂ ಅಳಿಸಿದ.

ಟೂರ್ನಿಯ ಕಾರ್ಯದರ್ಶಿ ಧಾವಿಸಿ ಬಂದರು. "ಏನ್ರೀ, ಗೆದ್ದ ಗೋಲ್ ಫೋಟೊ ಎಲ್ರೀ? ಎಲ್ಲಾ ಕಾಯ್ತಾ ಇದಾರೆ."

"ಮಿಸ್ ಆಗೋಯ್ತು ಸಾರ್."

"ಇದ್ದಿದ್ದೇ ಒಂದು ಗೋಲು! ಅದನ್ನೂ ಹಿಡಿಯೋಕಾಗ್ಲಿಲ್ವಾ? ಮುಂದಿನ ಸಲ ಬೇರೆಯವರನ್ನ ಕರೀತೀವಿ ಬಿಡಿ."

ತಮ್ಮ ತಲೆ ತಗ್ಗಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ಇವನನ್ನು ಬೈಯಲು ಈತ ಯಾರು? ಆ ಕೆಲಸಕ್ಕೆ ನಾನಿಲ್ಲವೇ? ಅಷ್ಟು ಜನರ ಮುಂದೆ ನನ್ನ ತಮ್ಮನನ್ನು ಅಪ್ಪಿಕೊಳ್ಳಬೇಕೆನಿಸಿತು, ನಾಚಿಕೆಯಾಗಿ ಬೆಡ್‌ಶೀಟು ಮಡಚತೊಡಗಿದೆ.

ಕಾರ್ಯದರ್ಶಿ ಅತ್ತ ಹೋದ ಮೇಲೆ ಮಗಳು ಮೆಲ್ಲಗೆ ಹತ್ತಿರ ಬಂದಳು.

"ಮಾವ, ಆ ಗೋಲ್ ಫೋಟೊ..."

"ಬರ್ಲಿಲ್ಲ ಕಣೇ. ಕೈ ತಪ್ಪೋಯ್ತು."

ಅವಳು ಅವನ ಮುಖವನ್ನೇ ನೋಡಿದಳು. "ನೀನೂ ಮಿಸ್ ಮಾಡ್ಬಿಟ್ಯಾ?"

"ಹೂಂ. ನಾನೂನೂ."

ಅವಳು ಮೂಗು ಒರೆಸಿಕೊಂಡು ಅವನಿಗೆ ಒತ್ತಿಕೊಂಡು ಕೂತಳು. "ಹೋಗ್ಲಿ ಬಿಡು ಮಾವ. ಮುಂದಿನ ಮ್ಯಾಚಲ್ಲಿ ಇಬ್ರೂ ಹಿಡಿಯೋಣ," ಎಂದು ಅವನ ಬೆನ್ನು ತಟ್ಟಿ ಸಮಾಧಾನ ಹೇಳಿದಳು.