ಚೆನ್ನಾಗಿ ಬೀಳುವ ಹುಡುಗ

ಹುಡುಗರನ್ನು ಆರಿಸುವ ಕೆಲಸಕ್ಕೆ ಯಾರು ಕೂತರೂ ಎಡವಟ್ಟು ತಪ್ಪಿದ್ದಲ್ಲ. ಈಗ ನಾನಿರುವ ಜಬಲಪುರದಲ್ಲಿ ನಮ್ಮ ಮನೆ ಎದುರಿಗೇ ಕಾಲೇಜಿನ ಮೈದಾನ. ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರಲ್ಲಿ ಒಬ್ಬಿಬ್ಬರನ್ನು ತಮ್ಮ ತಂಡಕ್ಕೆ ಆರಿಸಿಕೊಳ್ಳಲು ವರ್ಷಕ್ಕೊಮ್ಮೆ ಯಾವುದೋ ಕಾರ್ಖಾನೆಯವರು ಬರುತ್ತಾರೆ. ಟೇಪು ಹಿಡಿದು ಎತ್ತರ ಅಳೆಯುತ್ತಾರೆ, ಅಂಗೈ ಬಿಡಿಸಿ ನೋಡುತ್ತಾರೆ. ಹೋದ ಸಲ ಎಲ್ಲರಿಗಿಂತ ಎತ್ತರದವನನ್ನು ಬೆನ್ನು ತಟ್ಟಿ ಪಕ್ಕಕ್ಕೆ ನಿಲ್ಲಿಸಿಕೊಂಡರು. ಆಮೇಲೆ ಗೊತ್ತಾಯಿತು, ಅವನು ಆಡಲು ಬಂದವನಲ್ಲ, ಹರಿದ ಬಲೆ ಕಟ್ಟಲು ಬಂದವನು.

ನಾನು ಜಗಲಿಯಲ್ಲಿ ಕೂತು ಒಬ್ಬಳೇ ನಗುತ್ತಿದ್ದರೆ ಸೊಸೆ ಕೇಳುತ್ತಾಳೆ, ಏನಾಯಿತು ಎಂದು. ಅವಳಿಗೆ ನನ್ನ ಭಾಷೆ ಅರ್ಧ ಬರುತ್ತದೆ, ನನ್ನ ಊರು ಏನೂ ಬರುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಚನ್ನಗಿರಿ. ಅಪ್ಪನಿಗೆ ಎಣ್ಣೆ ಗಾಣವಿತ್ತು. ಹರೆಯದಲ್ಲಿ ಕುಸ್ತಿ ಆಡಿ ಹೆಗಲು ಮುರಿದುಕೊಂಡು, ಆಮೇಲೆ ಗರಡಿಯಲ್ಲಿ ಹುಡುಗರಿಗೆ ಪಟ್ಟು ಕಲಿಸುವ ವಸ್ತಾದ್ ಆಗಿದ್ದ. ದಾವಣಗೆರೆಯಲ್ಲಿ ಹತ್ತಿ ವ್ಯಾಪಾರದ ಒಬ್ಬ ಸಾಹುಕಾರರು ಪೈಲ್ವಾನರನ್ನು ಸಾಕುತ್ತಿದ್ದರು. ಹಾಲು, ತುಪ್ಪ, ಬಾದಾಮಿ ಎಲ್ಲ ಅವರದು. ಪೈಲ್ವಾನರು ದಸರೆಗೆ ಮೈಸೂರಿಗೆ ಹೋಗಿ ಅವರ ಹೆಸರಿನಲ್ಲಿ ಆಡಬೇಕು. ಪ್ರತಿ ವರ್ಷ ಶ್ರಾವಣದಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಗರಡಿಗಳನ್ನು ನೋಡಿ ಒಬ್ಬನೇ ಒಬ್ಬ ಹೊಸ ಹುಡುಗನನ್ನು ಆರಿಸಿ ಕೊಡುವುದು ಅಪ್ಪನ ಕೆಲಸ.

ಆರಿಸಿಕೊಂಡವನಿಗೆ ಒಂದು ಕಟ್ಟಳೆ ಇತ್ತು. ಸಾಹುಕಾರರ ಅನ್ನ ಉಣ್ಣುತ್ತಿರುವವರೆಗೂ ಹನುಮಂತನ ಹಾಗೆ ಬ್ರಹ್ಮಚಾರಿ. ಮದುವೆಯ ಮಾತು ಎತ್ತುವಂತಿಲ್ಲ. ಮೀಸೆಯಲ್ಲಿ ಬಿಳಿ ಕೂದಲು ಬಂದ ಮೇಲೆ ಊರಿಗೆ ಮರಳಿ ಹೆಣ್ಣು ಹುಡುಕಿದ ಪೈಲ್ವಾನರನ್ನು ನಾನೇ ಕಂಡಿದ್ದೆ.

ನಾನು ಹೇಳಹೊರಟ ವರ್ಷ ಚನ್ನಗಿರಿಯಿಂದ ಆಯ್ಕೆಗೆ ಇದ್ದವನು ಅಪ್ಪನ ಗರಡಿಯ ಹುಡುಗ. ದೂರದ ಸಂಬಂಧ, ನಮ್ಮವನೇ. ನನಗೆ ಹದಿನಾರು. ನಮ್ಮಿಬ್ಬರ ಬಗ್ಗೆ ಯಾರೂ ಏನೂ ಮಾತಾಡಿರಲಿಲ್ಲ, ಆದರೆ ಮಾತಾಡಿದರೆ ಬೇಡ ಅನ್ನುವವರೂ ಯಾರೂ ಇರಲಿಲ್ಲ. ನಾಲ್ಕು ಊರಲ್ಲೂ ತಾಯಂದಿರು ನಮ್ಮ ಹುಡುಗ ಗೆಲ್ಲಲಿ ಎಂದು ದೇವರಿಗೆ ಕಾಯಿ ಒಡೆಸುತ್ತಿದ್ದರು. ನಮ್ಮ ಹುಡುಗ ಸೋಲಲಿ ಎಂದು ಒಡೆಸಿದವಳು ನಾನೊಬ್ಬಳೇ.

ಗಾಡಿ

ಊರಿನ ಹುಡುಗನನ್ನು ಊರಿನ ಮಣ್ಣಲ್ಲೇ ನೋಡಿದರೆ ಪಕ್ಷಪಾತ ಎನ್ನುತ್ತಾರೆ ಎಂದು ಅಪ್ಪ ಅವನನ್ನು ಜೊತೆಗೇ ಕರೆದುಕೊಂಡು ಹೊರಟ. ಕೊನೆಯಲ್ಲಿ ಜಗಳೂರಿನ ಮಣ್ಣಲ್ಲಿ ಅವನ ಕುಸ್ತಿ. ಅವ್ವ ತೀರಿಹೋಗಿದ್ದರಿಂದ ನನ್ನನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ನನ್ನ ಕಾವಲಿಗೆ ಅಪ್ಪನ ಅಕ್ಕ, ನನ್ನ ಸೋದರತ್ತೆ. ಗಾಡಿಯಲ್ಲಿ ಕೂತರೆ ಮಂಡಿ ಹಿಡಿಯುತ್ತದೆ ಎಂದು ಅಪ್ಪ ದೂರ ಮುಂದೆ ನಡೆಯುತ್ತಿದ್ದ. ಗಾಡಿ ಹೊಡೆಯುತ್ತಿದ್ದವನು ಆ ಹುಡುಗ. ಅತ್ತೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು.

ಅವನು ಎತ್ತಿನ ಬೆನ್ನು ನೋಡುತ್ತ ಕೇಳಿದ, "ಈ ಸಲ ಯಾರು ಗೆಲ್ಲಲಿ ಅಂತೀರಿ?"

ನಾನು ಹೊರಗಿನ ಜೋಳದ ಹೊಲ ನೋಡುತ್ತ ಹೇಳಿದೆ, "ಹೊನ್ನಾಳಿಯವರು."

ಅವನ ಕೈಯ ಹಗ್ಗ ಸಡಿಲವಾಯಿತು. ಆಮೇಲೆ ಅವನೆಂದ, "ನಂಗೂ ಹಂಗೇ ಅನ್ನಿಸ್ತೈತೆ."

ಅದಕ್ಕಿಂತ ಹೆಚ್ಚು ನಾವು ಯಾವತ್ತೂ ಮಾತಾಡಲಿಲ್ಲ. ಐವತ್ತು ವರ್ಷ ಸಂಸಾರ ಮಾಡಿದ ಮೇಲೂ ಹೇಳುತ್ತೇನೆ, ಅಷ್ಟು ಮಾತು ಸಾಕಾಗುತ್ತದೆ.

ಅತ್ತೆ ಕಣ್ಣು ತೆರೆಯದೆಯೇ ಹೇಳಿದಳು, "ನಂಗೂ ಹೊನ್ನಾಳಿಯವನೇ ಗೆಲ್ಲಲಿ ಅನ್ನಿಸ್ತೈತಪ್ಪ. ಈಗ ದಾರಿ ನೋಡು, ಎತ್ತು ಆಗ್ಲೇ ಹೊಲಕ್ಕಿಳಿದಾವೆ."

ಹೊನ್ನಾಳಿಯ ಊಟ

ಅಪ್ಪ ಹುಡುಗರ ಕುಸ್ತಿಯನ್ನು ಮೊದಲು ನೋಡುತ್ತಿರಲಿಲ್ಲ. ಮೊದಲು ಊಟ ನೋಡುತ್ತಿದ್ದ. ಗಬಗಬ ಉಣ್ಣುವವನು ಮಣ್ಣಿಗಿಳಿದ ಕೂಡಲೇ ಮೈಮೇಲೆ ಬಿದ್ದು ಬೇಗ ದಮ್ಮು ಕಳೆದುಕೊಳ್ಳುತ್ತಾನೆ, ನಿಧಾನಕ್ಕೆ ಅಗಿಯುವವನು ಕಾದು ಪಟ್ಟು ಹಾಕುತ್ತಾನೆ ಎಂದು ಅವನ ಲೆಕ್ಕ. ಈ ಗುಟ್ಟು ಹೊನ್ನಾಳಿಯವರಿಗೆ ಹೇಗೋ ತಿಳಿದುಹೋಗಿತ್ತು.

ಅಲ್ಲಿನ ವಸ್ತಾದ್ ಒಬ್ಬ ಸಾಹೇಬರು, ಬಟ್ಟೆ ಅಂಗಡಿಯವರು, ಅಪ್ಪನ ಹಳೆಯ ಗೆಳೆಯರು. ಅವರ ಮನೆಯ ಅಂಗಳದಲ್ಲೇ ಹುಡುಗನಿಗೆ ಎಲೆ ಹಾಕಿದರು. ಹುಡುಗ ರೊಟ್ಟಿಯ ಒಂದು ಚೂರು ಮುರಿದ. ಅದನ್ನು ತಿರುಗಿಸಿ ನೋಡಿದ. ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿಯತೊಡಗಿದ. ಅಪ್ಪ ಮೆಚ್ಚಿ ತಲೆದೂಗಿದ. ಒಳಗೆ ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ಎಲ್ಲಿಲ್ಲದ ಖುಷಿ.

ಹುಡುಗ ಅಗಿಯುತ್ತಲೇ ಇದ್ದ. ನಾವು ಹೊಳೆಗೆ ಹೋಗಿ ಬಟ್ಟೆ ಒಗೆದು ಬಂದೆವು. ತುಂಗಭದ್ರೆ ತುಂಬಿ ಹರಿಯುತ್ತಿದ್ದಳು. ಈಗ ಇಲ್ಲಿ ಜಬಲಪುರದಲ್ಲಿ ನರ್ಮದೆ ಇದ್ದಾಳೆ, ದೊಡ್ಡ ನದಿ, ನಮಸ್ಕಾರ ಮಾಡುತ್ತೇನೆ. ಆದರೆ ಕಾಲು ಇಳಿಬಿಟ್ಟರೆ ಇವಳು ನನ್ನನ್ನು ಗುರುತು ಹಿಡಿದ ಹಾಗೆ ಅನ್ನಿಸುವುದಿಲ್ಲ. ನಾವು ವಾಪಸು ಬಂದಾಗ ಹುಡುಗ ಎರಡನೆಯ ರೊಟ್ಟಿಯಲ್ಲಿದ್ದ. ಎಲೆ ಒಣಗಿ ಅಂಚು ಮೇಲೆದ್ದಿತ್ತು. ಸಾಹೇಬರು ತಮ್ಮ ಹುಡುಗನ ಕಡೆ ನೋಡಲಾರದೆ ಆಕಾಶ ನೋಡುತ್ತಿದ್ದರು. ಅಪ್ಪ ಕಂಬಕ್ಕೊರಗಿ ತೂಕಡಿಸುತ್ತಿದ್ದ.

ನಾನು ಮೆಲ್ಲಗೆ ಅತ್ತೆಗೆ ಹೇಳಿದೆ, "ಹುಡುಗ ಒಳ್ಳೇವ್ನು ಅಲ್ವಾ ಅತ್ತೆ?"

"ಒಳ್ಳೇವ್ನೇ. ಆದ್ರೆ ಇವ್ನು ಎದುರಿನವನ ಕೈ ಹಿಡಿಯೋ ಹೊತ್ತಿಗೆ ಮುಂದಿನ ದಸರಾ ಬಂದಿರ್ತೈತೆ."

ನ್ಯಾಮತಿಯ ಆನೆ

ನ್ಯಾಮತಿಯವನನ್ನು ಕಂಡ ಕೂಡಲೇ ನನ್ನ ಆಸೆ ಮತ್ತೆ ಚಿಗುರಿತು. ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುತ್ತಿತ್ತು. ಕೆಸರಲ್ಲಿ ಹುಗಿದ ನಮ್ಮ ಗಾಡಿಯನ್ನು, ಅತ್ತೆ ಒಳಗಿರುವಾಗಲೇ, ಒಬ್ಬನೇ ಎತ್ತಿ ಆಚೆಗಿಟ್ಟ. ಅತ್ತೆ ಇಳಿದು ಅವನಿಗೆ ದೃಷ್ಟಿ ತೆಗೆದಳು. ಅಪ್ಪ ಊಟ ನೋಡಿದ, ಸರಿಯಾಗಿತ್ತು. ನಡಿಗೆ ನೋಡಿದ, ಸರಿಯಾಗಿತ್ತು. ನ್ಯಾಮತಿಯವನು ಇಬ್ಬರು ಹುಡುಗರನ್ನು ಒಂದೇ ಸಲ ಬಗಲಲ್ಲಿ ಎತ್ತಿಕೊಂಡು ಗರಡಿ ಸುತ್ತಿದ. ನಮ್ಮ ಹುಡುಗ ಗೋಡೆಗೊರಗಿ ನಿಂತು ಎಲ್ಲರಿಗಿಂತ ಜೋರಾಗಿ ಶಹಬ್ಬಾಸ್ ಅನ್ನುತ್ತಿದ್ದ. ತನ್ನ ಪೈಪೋಟಿಯವನನ್ನು ಇಷ್ಟು ಹೊಗಳುವ ದೊಡ್ಡ ಮನಸ್ಸಿನ ಹುಡುಗನನ್ನು ನ್ಯಾಮತಿಯವರು ಅದಕ್ಕೂ ಮೊದಲು ನೋಡಿರಲಿಲ್ಲವಂತೆ.

ಕೊನೆಗೆ ಅಪ್ಪ ಅವನ ದಮ್ಮು ನೋಡಲು ಹತ್ತಿರ ಹೋಗಿ ಎರಡೂ ಪಕ್ಕೆಗೆ ಕೈಯಿಟ್ಟ.

ಆನೆಯಂಥ ಹುಡುಗ ಹಿಹಿಹಿ ಎಂದು ಕುಸಿದು ಕೂತ.

ಅಪ್ಪ ಮತ್ತೆ ಎಬ್ಬಿಸಿ ನಿಲ್ಲಿಸಿದ. ಈ ಸಲ ಕೈ ಇನ್ನೂ ತಾಗಿಯೇ ಇರಲಿಲ್ಲ, ಹತ್ತಿರ ಬರುವುದನ್ನು ಕಂಡೇ ಹುಡುಗ ಮಣ್ಣಲ್ಲಿ ಹೊರಳಾಡಿ ನಗತೊಡಗಿದ. ಕಣ್ಣಲ್ಲಿ ನೀರು. "ಬ್ಯಾಡ್ರಿ ವಸ್ತಾದರೇ, ಕೈ ಜೋಡಿಸ್ತೀನ್ರಿ" ಎಂದು ಗೋಗರೆದ.

ಗರಡಿಯ ಬಾಗಿಲಾಚೆ ನಮ್ಮ ಜೊತೆ ನಿಂತು ನೋಡುತ್ತಿದ್ದ ಅವನ ತಾಯಿ ಅಪ್ಪನಿಗೆ ಸಮಾಧಾನ ಹೇಳಿದರು, "ಅದೇನ್ ದೊಡ್ಡ ರೋಗ ಅಲ್ರಿ, ನಮ್ಮ ಮನ್ಯಾಗೆ ಎಲ್ರಿಗೂ ಹಂಗೇ. ಮದುವ್ಯಾಗೆ ಇವರಪ್ಪಗೆ ಅರಿಶಿಣ ಹಚ್ಚಾಕೆ ನಾಕು ಜನ ಹಿಡ್ಕೊಂಡಿದ್ರು."

ಬಸ್ಸು

ಗಾಡಿಯನ್ನು ದಾವಣಗೆರೆಯಲ್ಲಿ ಪರಿಚಯದವರ ಮನೆಯಲ್ಲಿ ಬಿಟ್ಟು ಜಗಳೂರಿಗೆ ಬಸ್ಸು ಹಿಡಿದೆವು. ಎರಡನೆಯ ಮಹಾಯುದ್ಧದ ಕಾಲ, ಪೆಟ್ರೋಲ್ ಇಲ್ಲ. ಬಸ್ಸಿನ ಹಿಂದೆ ಇದ್ದಿಲ ಒಲೆ, ಅದರ ಗ್ಯಾಸಿನಿಂದಲೇ ಓಡಬೇಕು. ದಿಬ್ಬ ಬಂದರೆ ಬಸ್ಸಿಗೆ ಏದುಸಿರು, ಜನ ಇಳಿದು ನೂಕಬೇಕು. ಅಪ್ಪ ಇಳಿದು ರಸ್ತೆಯ ಪಕ್ಕ ನಿಂತ. ನೂಕುವವರ ಕಾಲು ನೋಡಿದರೆ ಪೈಲ್ವಾನನ ಅರ್ಧ ಬಂಡವಾಳ ಗೊತ್ತಾಗುತ್ತದೆ ಎನ್ನುವುದು ಅವನ ಇನ್ನೊಂದು ಲೆಕ್ಕ.

ನಮ್ಮ ಹುಡುಗನಿಗೆ ಇದು ಗೊತ್ತಿತ್ತು. ಅವನು ಬಸ್ಸಿನ ಮೂಲೆಗೆ ಎರಡು ಬೆರಳು ತಾಗಿಸಿ, ದೇವರ ಪಲ್ಲಕ್ಕಿ ಮುಟ್ಟಿದ ಭಕ್ತನ ಹಾಗೆ ನಡೆದ. ನನಗೆ ಕಿಟಕಿಯಿಂದ ಕಾಣುತ್ತಿತ್ತು. ಸೆರಗು ಬಾಯಿಗಿಟ್ಟುಕೊಂಡು ಕೂತೆ.

ಅಪ್ಪ ಹತ್ತಿ ಕೂತು ಅತ್ತೆಗೆ ಹೇಳಿದ, "ನೋಡಿದ್ಯಾ ಅಕ್ಕ, ಎಷ್ಟು ಬುದ್ಧಿ. ಕುಸ್ತಿ ಮುಂದೈತೆ ಅಂತ ಮೈ ಉಳಿಸ್ಕೊಂಡ."

ಜಗಳೂರಿನ ಮಣ್ಣು

ಜಗಳೂರಿನ ಮನೆಗಳಿಗೆ ಮಣ್ಣಿನ ಮಾಳಿಗೆ. ಹೆಂಗಸರಾದ ನಾವು ಗರಡಿಯೊಳಗೆ ಹೋಗುವಂತಿಲ್ಲ, ಆದರೆ ಅಲ್ಲಿ ಕುಸ್ತಿ ಬಯಲಲ್ಲಿತ್ತು. ಪಕ್ಕದ ಮನೆಯ ಮಾಳಿಗೆ ಹತ್ತಿ ಕೂತೆವು. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿಣ ಕಲಸಿದ ವಾಸನೆ ಮೇಲಿನವರೆಗೂ ಬರುತ್ತಿತ್ತು. ಆ ವಾಸನೆ ಇಲ್ಲಿ, ಇಷ್ಟು ದೂರದಲ್ಲಿ, ಯಾವ ಅಂಗಡಿಯ ಸೀಸೆಯಲ್ಲೂ ಸಿಗುವುದಿಲ್ಲ.

ಜಗಳೂರಿನವನು ಕುರಿ ಕಾಯುವವರ ಮಗ, ಗಟ್ಟಿ ಆಳು. ಜನರ ಲೆಕ್ಕದಲ್ಲಿ ನಮ್ಮವನು ಸೋತರೆ ಅವನೇ ಆಯ್ಕೆ, ನಮ್ಮವನು ಊರಿಗೆ ವಾಪಸು. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದಳು.

ಇಲ್ಲಿ ಅಪ್ಪನ ಎಲ್ಲಕ್ಕಿಂತ ದೊಡ್ಡ ಲೆಕ್ಕ ಹೇಳಬೇಕು. ಅವನು ಗೆದ್ದವನನ್ನು ನೋಡುತ್ತಿರಲಿಲ್ಲ. ಬಿದ್ದವನನ್ನು ನೋಡುತ್ತಿದ್ದ. "ಎತ್ತಿ ಒಗೆಯೋದನ್ನ ಯಾರಿಗಾದ್ರೂ ಕಲಿಸ್ಬೋದು. ಬೀಳೋದು ಮೈಯಾಗೆ ಬರಬೇಕು. ಚಂದಾಗಿ ಬೀಳೋನು ಮುರಿಯಲ್ಲ, ಮುರಿಯದೋನು ಒಂದಿನ ಗೆಲ್ತಾನೆ" ಎನ್ನುತ್ತಿದ್ದ. ತನ್ನ ಹೆಗಲು ಮುರಿದದ್ದು ಕೆಟ್ಟದಾಗಿ ಬಿದ್ದು ಎಂದು ಅವನಿಗೆ ಗೊತ್ತಿತ್ತು.

ಹಾಗಾಗಿ ನಮ್ಮ ಹುಡುಗ ಸೋತರೆ ಸಾಲದು, ಕೆಟ್ಟದಾಗಿ ಬೀಳಬೇಕು. ಅದು ಅವನಿಗೂ ಗೊತ್ತಿತ್ತು. ಮಣ್ಣಿಗಿಳಿಯುವ ಮೊದಲು ಒಂದೇ ಒಂದು ಸಲ ಮಾಳಿಗೆಯ ಕಡೆ ನೋಡಿದ. ಗೋಣಿಚೀಲದ ಹಾಗೆ ಬೀಳುತ್ತೇನೆ, ಚಿಂತೆ ಬೇಡ ಎಂದು ಹೇಳಿದ ಹಾಗಿತ್ತು.

ಜಗಳೂರಿನವನು ಅವನ ಸೊಂಟ ಹಿಡಿದು ಎತ್ತಿದ. ನಮ್ಮವನು ಕೈಕಾಲು ಸಡಿಲ ಬಿಟ್ಟ. ಆದರೆ ಚಿಕ್ಕಂದಿನಿಂದ ದಿನಾ ಬೆಳಗ್ಗೆ ಅಪ್ಪನ ಕೈಯಲ್ಲಿ ಬಿದ್ದು ಬಿದ್ದು ಕಲಿತ ಮೈ ಅದು. ನೆಲ ಹತ್ತಿರ ಬಂದ ಕೂಡಲೇ ಒಡೆಯನ ಮಾತು ಕೇಳಲಿಲ್ಲ. ಗದ್ದ ತಾನಾಗಿ ಎದೆಗೆ ಸೇರಿತು, ಬೆನ್ನು ಬಿಲ್ಲಿನ ಹಾಗೆ ಬಾಗಿತು, ಅಂಗೈ ಮಣ್ಣಿಗೆ ತಟ್ಟಿತು. ಬೆಕ್ಕು ಇಳಿದ ಹಾಗೆ ಇಳಿದ.

ಅಪ್ಪ ಎದ್ದು ನಿಂತ. "ಇನ್ನೊಂದ್ಸಲ" ಎಂದ.

ಎರಡನೆಯ ಸಲ ಹುಡುಗ ಹಲ್ಲು ಕಚ್ಚಿ, ಮೈ ಸೆಟೆಸಿಕೊಂಡು, ಮರದ ತುಂಡಿನ ಹಾಗೆ ಹೋದ. ಅರ್ಧ ದಾರಿಯಲ್ಲಿ ಮೈ ಮತ್ತೆ ಬಾಗಿತು. ಮೊದಲಿನದಕ್ಕಿಂತ ಚೆನ್ನಾಗಿ ಬಿದ್ದ. ಜನ ಸೋತವನಿಗೆ ಚಪ್ಪಾಳೆ ತಟ್ಟಿದರು. ಗೆದ್ದವನು ಅವರ ಮುಖ ಮುಖ ನೋಡುತ್ತ ನಿಂತ. ಮೂರನೆಯ ಸಲ ಬೀಳುವಾಗ ಅಪ್ಪನ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಕಣ್ಣಲ್ಲೂ. ಕಾರಣ ಬೇರೆ.

ಅಪ್ಪ ಮಣ್ಣಿಗಿಳಿದು ಅವನ ಹೆಗಲ ಮೇಲೆ ಕೈಯಿಟ್ಟ. ಅಷ್ಟೇ, ಆಯ್ಕೆ ಮುಗಿಯಿತು.

ಅವನು ಅಲ್ಲಿಂದಲೇ ದಾವಣಗೆರೆಗೆ ಹೋಗಬೇಕಾಗಿತ್ತು. ನಾವೂ ದಾವಣಗೆರೆಯಲ್ಲಿ ಬಸ್ಸಿಳಿದು, ಬಿಟ್ಟಿದ್ದ ಗಾಡಿ ಹೂಡಿಕೊಂಡು ಜೊತೆಗೆ ಹೋದೆವು. ಸಾಹುಕಾರರ ಮನೆಯ ಬಾಗಿಲಲ್ಲಿ ಅವನು ಅಪ್ಪನ ಕಾಲು ಮುಟ್ಟಿದ, ಅತ್ತೆಯ ಕಾಲು ಮುಟ್ಟಿದ. ನನ್ನ ಮುಂದೆ ಬಂದಾಗ ಏನು ಮಾಡಬೇಕೆಂದು ತಿಳಿಯದೆ ಎತ್ತಿನ ಕೊರಳು ಸವರಿ ಒಳಗೆ ಹೋದ. ಆ ವರ್ಷ ಮೈಸೂರಲ್ಲಿ ಗೆದ್ದ ಎಂದು ಕೇಳಿದೆ. ಎಲ್ಲರೂ ಹೇಗೆ ಗೆದ್ದ ಎಂದೇ ಹೇಳಿದರು, ಹೇಗಿದ್ದಾನೆ ಎಂದು ಯಾರೂ ಹೇಳಲಿಲ್ಲ.

ವಾಪಸು ಬರುವಾಗ ಗಾಡಿ ಹೊಡೆದವನು ಅಪ್ಪ. ಅತ್ತೆಗೆ ತಡೆಯಲಾಗಲಿಲ್ಲ.

"ತಮ್ಮ, ನಿನಗೆ ಕಣ್ಣಿಲ್ಲೇನೋ? ಆ ಹುಡುಗ ಬೇಕಂತಲೇ ಬಿದ್ದ."

"ಗೊತ್ತಕ್ಕ."

"ಗೊತ್ತಿದ್ದೂ ಆರಿಸಿದ್ಯಾ?"

"ಬೇಕಂತ ಬಿದ್ರೇ ಅಷ್ಟು ಚಂದ ಬೀಳ್ತಾನಲ್ಲಕ್ಕ, ಬ್ಯಾಡ ಅಂತ ಬಿದ್ರೆ ಹೆಂಗೆ ಬೀಳಬೇಕು" ಎಂದು ಅಪ್ಪ ಎತ್ತುಗಳ ಬೆನ್ನು ಚಪ್ಪರಿಸಿದ.

ಅವನು ಯಾಕೆ ಬೇಕಂತ ಬಿದ್ದ ಎನ್ನುವುದನ್ನು ಹೇಳಬೇಕೆಂದು ಅತ್ತೆ ಬಾಯಿ ತೆರೆದಳು. ನನ್ನ ಮುಖ ನೋಡಿ ಮುಚ್ಚಿಕೊಂಡಳು. ಆದರೆ ಊರು ಬರುವಷ್ಟರಲ್ಲಿ ಅಪ್ಪ ಒಂದೆರಡು ಸಲ ಹಿಂತಿರುಗಿ ನನ್ನನ್ನು ನೋಡಿದ.

ಗಾಣದ ಮನೆ

ಮರುವರ್ಷ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ನಮ್ಮ ಕಡೆಯವರೇ, ಆದರೆ ಹುಡುಗನ ಗುಮಾಸ್ತಿಕೆ ಜಬಲಪುರದಲ್ಲಿ. ಅಷ್ಟು ದೂರ ಬೇಡವೆಂದು ಅತ್ತೆ ಹಟ ಹಿಡಿದಿದ್ದಳು. ಇಷ್ಟವಿಲ್ಲದಿದ್ದರೆ ಒಲ್ಲೆ ಅನ್ನು ಎಂದು ಅಪ್ಪ ನನಗೂ ಹೇಳಿದ್ದ. ಒಲ್ಲೆ ಅನ್ನಬೇಕೆಂದೇ ನಾನು ತಟ್ಟೆ ಹಿಡಿದು ಹೊರಗೆ ಬಂದೆ.

ಕೋಟು ಹಾಕಿಕೊಂಡು ಬಂದ ಹುಡುಗ ಗಾಣದ ಪಕ್ಕ ಹಾದು ಬರುತ್ತಿದ್ದ. ಅಲ್ಲಿ ನೆಲದ ಮೇಲೆ ಎಣ್ಣೆ ಚೆಲ್ಲಿತ್ತು. ಕಾಲು ಜಾರಿತು. ಅಂಥ ಬೀಳುವಿಕೆಯನ್ನು ನಾನು ನಾಲ್ಕೂರ ಗರಡಿಯಲ್ಲೂ ನೋಡಿರಲಿಲ್ಲ. ಒಂದು ಕೈ ಆ ಕಡೆ, ಒಂದು ಕಾಲು ಈ ಕಡೆ, ಟೋಪಿ ಹಿಂಡಿಯ ಬುಟ್ಟಿಗೆ. ದೊಪ್ಪನೆ ಬಿದ್ದವನು ಏಳಲೂ ಬರದೆ, ಮಲಗಿದಲ್ಲಿಂದಲೇ ಎಲ್ಲರಿಗೂ ನಮಸ್ಕಾರ ಮಾಡಿದ.

ಮನೆಯೆಲ್ಲ ಗಾಬರಿ. ಅಪ್ಪ ಮಾತ್ರ ನಿಂತಲ್ಲೇ ನಿಂತು ತಲೆಯಿಂದ ಕಾಲಿನವರೆಗೆ ಅವನನ್ನು ಅಳೆದ. ಆಮೇಲೆ ನನ್ನ ಹತ್ತಿರ ಬಂದು, ಬಹಳ ಮೆಲ್ಲಗೆ ಹೇಳಿದ, "ಇವನು ಆಗಬಹುದವ್ವ. ಇವನನ್ನ ಯಾವ ಸಾಹುಕಾರನೂ ಎತ್ಕೊಂಡು ಹೋಗಲ್ಲ."

ನಾನು ತಟ್ಟೆ ಕೆಳಗಿಟ್ಟು ನಕ್ಕೆ. ಒಂದು ವರ್ಷದಿಂದ ನಕ್ಕಿರಲಿಲ್ಲ, ಎಲ್ಲ ಒಟ್ಟಿಗೆ ಬಂತು. ನಗುತ್ತ ಅಳು ಬಂತು, ಅಳುತ್ತ ಮತ್ತೆ ನಗು. ಒಲ್ಲೆ ಎನ್ನಲು ಬಾಯಿ ತೆರೆದರೆ ನಗುವೇ ಹೊರಗೆ ಬರುತ್ತಿತ್ತು.

ಗಂಡಿನ ತಾಯಿ ನನ್ನನ್ನು ನೋಡಿ, ಮಗನನ್ನು ಎತ್ತುವುದನ್ನೂ ಮರೆತು, "ಹುಡುಗಿ ಬಾಳ ಖುಷಿಯಾಗಿ ಒಪ್ಪಿದ್ಲು" ಎಂದು ಅಲ್ಲೇ ಎಲೆ ಅಡಿಕೆ ಕೈಗಿಟ್ಟರು.