‘ಧಿ’ಗೆ ಹೋಗುವ ಮೊದಲೇ

ಮೂವತ್ತು ವರ್ಷ ಶಿಡ್ಲಘಟ್ಟದ ಮಕ್ಕಳ ಉಚ್ಚಾರಣೆ ತಿದ್ದಿದ ಕನ್ನಡ ಮೇಷ್ಟ್ರು ನಾನು. ಅಣ್ಣತಮ್ಮಂದಿರ ಒಂದು ಜಗಳ ನನಗೆ ಯಾವ ಲೆಕ್ಕ? ಮುನಿರಾಜು, ಕೃಷ್ಣಪ್ಪ ಇಬ್ಬರೂ ನನ್ನ ಹಳೆಯ ಶಿಷ್ಯರು. ಎರಡು ಮನೆಗಳ ನಡುವಿನ ಮೂರಡಿ ಸಂದಿಗಾಗಿ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಈಗ ಮುನಿರಾಜುವಿನ ಮಗಳ ಮದುವೆ. ಚಿಕ್ಕಪ್ಪ ಬಾರದಿದ್ದರೆ ಹಸೆಮಣೆಯನ್ನೇ ಏರುವುದಿಲ್ಲವೆಂದು ಹುಡುಗಿ ಹಠ ಹಿಡಿದಿದ್ದಳು.

"ನೀವು ಹೋಗ್ಬೇಡ್ರೀ, ನಿಮಗೆ ಕೋಪ ಜಾಸ್ತಿ" ಎಂದಳು ಹೆಂಡತಿ ಸರೋಜ.

"ನನಗೆ ಕೋಪಾನಾ?" ಎಂದು ಕಿರುಚಿ ಹೊರಟೆ.

ಮುನಿರಾಜುವಿನ ಜಗಲಿಯಲ್ಲಿ ಇಬ್ಬರನ್ನೂ ಕೂರಿಸಿದೆ. ಕೃಷ್ಣಪ್ಪ ಆಗಲೇ ಮೆತ್ತಗಾಗಿದ್ದ. "ಆಯ್ತು ಮೇಷ್ಟ್ರೇ, ನೀವು ಹೇಳ್ದಂಗೆ ಸಂದಿ ಮಾಡ್ಕೊಂಬಿಡ್ತೀನಿ" ಎಂದ.

ಮುನಿರಾಜು ಎದ್ದು ನಿಂತ. "ಕೇಳಿದ್ರಾ! ಇರೋದು ಸಾಲ್ದು ಅಂತ ನನ್ನ ಗೋಡೆ ಒಡೆದು ಇನ್ನೊಂದು ಸಂದಿ ಮಾಡ್ಕೊಂತಾನಂತೆ!"

ನನಗೆ ಪಿತ್ತ ನೆತ್ತಿಗೇರಿತು. ಜಗಳಕ್ಕಲ್ಲ, ಮಹಾಪ್ರಾಣಕ್ಕೆ! ಇವರಿಗೆ ಕಲಿಸಲು ಸವೆಸಿದ ಸೀಮೆಸುಣ್ಣವೆಲ್ಲ ವ್ಯರ್ಥ!

"ಸಂದಿ ಅಲ್ಲ ಕಣ್ರೋ, ಸಂಧಿ! ಸಂಧಿ ಅಂದ್ರೆ ರಾಜಿ! ತೆಗೀರಿ ಬಾಯಿ! ಹೊಟ್ಟೆಯಿಂದ ಬರ್ಬೇಕು. ಧ... ಧಾ..."

ಕಟಕ್!

ಕಿವಿಯ ಪಕ್ಕ ಏನೋ ಜಾರಿತು. ತೆರೆದ ಬಾಯಿ ತೆರೆದೇ ಉಳಿಯಿತು. ‘ಧಿ’ಗೆ ಹೋಗಲಾಗಲಿಲ್ಲ.

ಅವರಿಬ್ಬರೂ ಒಂದನೇ ತರಗತಿಯವರಂತೆ "ಧಾ..." ಎಂದು ಬಾಯಿ ಕಳೆದು ಕಾದರು. ನಾನು ಸಿಟ್ಟಿನಿಂದ ಕೈ ಬೀಸಿದೆ.

"ಇನ್ನೂ ಜೋರಾಗಿ ಅಂತವ್ರೆ ಕಣಣ್ಣಾ" ಎಂದ ಕೃಷ್ಣಪ್ಪ.

ಬೀದಿಗೆಲ್ಲ ಕೇಳುವಂತೆ ಕೂಗಿದರು. ಎರಡು ವರ್ಷದ ನಂತರ ಕೃಷ್ಣಪ್ಪನ ಬಾಯಿಂದ ‘ಅಣ್ಣ’ ಬಂದಿತ್ತು. ನನ್ನ ಬಾಯಿಂದ ಬಂದದ್ದು ಜೊಲ್ಲು!

ಜೊಲ್ಲು ಕಂಡ ಮೇಲೆ ಅವರಿಗೆ ಅರ್ಥವಾಯಿತು. ಸ್ಕೂಟರಿನಲ್ಲಿ ನನ್ನನ್ನು ನಡುವೆ ಸಿಕ್ಕಿಸಿಕೊಂಡು ಆಸ್ಪತ್ರೆಗೆ ಓಡಿಸಿದರು. ದಾರಿಯುದ್ದಕ್ಕೂ ನನ್ನ ತಲೆಯ ಮೇಲಿಂದಲೇ ಅಣ್ಣ-ತಮ್ಮ ಮಾತಾಡಿಕೊಂಡರು.

ಡಾಕ್ಟರ್ ನಸ್ರೀನ್ ಗದ್ದ ಮುಟ್ಟಿ ನೋಡಿ, "ಸಂದಿ ಜಾರಿದೆ" ಎಂದರು.

"ಯಾವ ಸಂದಿ?" ಮುನಿರಾಜು ಬೆಚ್ಚಿಬಿದ್ದ.

"ದವಡೆ ಕೀಲು ಕಣ್ರೀ."

ಅಂದರೆ ಇದೂ ಸಂಧಿಯೇ! ತಿದ್ದೋಣವೆಂದರೆ "ಆ! ಆ!" ಎಂದಷ್ಟೇ ಬಂತು. ನೋವಿರಬೇಕೆಂದು ಇಂಜೆಕ್ಷನ್ ಚುಚ್ಚಿದರು. ಆಮೇಲೆ ಎರಡು ಹೆಬ್ಬೆರಳು ಒಳಗಿಟ್ಟು ಒತ್ತಿ, ಕೀಲು ಕೂರಿಸಿ, ಎರಡು ವಾರ ಮಾತು ನಿಷೇಧಿಸಿದರು.

ಮದುವೆಗೆ ಗದ್ದದಿಂದ ನೆತ್ತಿಯವರೆಗೆ ಬ್ಯಾಂಡೇಜು ಸುತ್ತಿಕೊಂಡು ಹೋದೆ. ಅಣ್ಣತಮ್ಮ ಜೊತೆಯಾಗಿ ನಿಂತು, ರಾಜಿ ಮಾಡಿಸಿದ ಮೇಷ್ಟ್ರೆಂದು ಬೀಗರಿಗೆ ಪರಿಚಯಿಸಿದರು.

ಬೀಗರು ಕೈಮುಗಿದರು. "ಅಂಥಾದ್ದೇನು ಹೇಳಿದ್ರಿ ಸ್ವಾಮಿ?"

ಉತ್ತರ ಕೊಟ್ಟವಳು ಸರೋಜ. "ಏನೂ ಹೇಳಕ್ಕಾಗ್ಲಿಲ್ಲ. ಅದಕ್ಕೇ ರಾಜಿ ಆಗಿದ್ದು!"